ಔಷಧ ನೀಡುವ ಕೈ ಅಭಯವನ್ನೂ ನೀಡಲಿ

ಪೋದನಪುರದಲ್ಲಿ ಮಹಾಬಲನೆಂಬ ಅರಸನಿದ್ದ. ಅವನ ರಾಜ್ಯದಲ್ಲಿ ಮರಣದಂಡನೆಗೆ ಗುರಿಯಾದವರನ್ನು ವಧಿಸುವ ಕೆಲಸ ಯಮಪಾಲನೆಂಬವನದು. ಸಮಾಜ ಕೀಳೆಂದು ದೂರವಿಟ್ಟ ಕುಲದಲ್ಲಿ ಹುಟ್ಟಿದ ಅವನಿಗೆ ಆ ವೃತ್ತಿ ತಲೆಮಾರುಗಳಿಂದ ಬಂದದ್ದು. ಒಮ್ಮೆ ಅವನನ್ನು ಹಾವು ಕಚ್ಚಿತು. ಸತ್ತನೆಂದು ತಿಳಿದ ಬಂಧುಗಳು ದೇಹವನ್ನು ಶ್ಮಶಾನದಲ್ಲಿಟ್ಟು ಮರಳಿದರು. ಅಲ್ಲಿ ಸರ್ವೌಷಧಿ ಋದ್ಧಿಯನ್ನು ಪಡೆದ ಮುನಿಯೊಬ್ಬರು ಧ್ಯಾನದಲ್ಲಿದ್ದರು. ಅವರ ಮೈ ಸೋಕಿ ಬಂದ ಗಾಳಿ ತಾಗಿದೊಡನೆ ಯಮಪಾಲನ ವಿಷವಿಳಿಯಿತು. ಅವನು ಎದ್ದು ಕುಳಿತ. ಮರಳಿ ದೊರೆತ ಪ್ರಾಣದ ಬೆಲೆಯನ್ನರಿತು ಮುನಿಗಳ ಬಳಿ ಒಂದು ವ್ರತವನ್ನು ಬೇಡಿದ. ಚತುರ್ದಶಿಯಂದು ಯಾವ ಜೀವವನ್ನೂ ಕೊಲ್ಲೆನೆಂಬುದೇ ಆ ವ್ರತ.

ಮುಂದೆ ಅಷ್ಟಾಹ್ನಿಕ ಪರ್ವ ಬಂದಿತು. ಎಂಟು ದಿನಗಳ ಕಾಲ ನಾಡಿನಲ್ಲಿ ಜೀವವಧೆ ಕೂಡದೆಂದು ಅರಸ ಸಾರಿದ. ಅವನ ಮಗನೇ ಆಜ್ಞೆಯನ್ನು ಮೀರಿ ಅರಮನೆಯ ಟಗರನ್ನು ಕೊಂದು ತಿಂದ. ಅರಸ ಮಗನೆಂದು ನೋಡದೆ ಮರಣದಂಡನೆ ವಿಧಿಸಿದ. ಅಂದು ಚತುರ್ದಶಿ. ಕರೆಯಲು ಬಂದ ಭಟರಿಗೆ ತಾನು ಊರಲ್ಲಿಲ್ಲವೆಂದು ಹೇಳುವಂತೆ ಹೆಂಡತಿಗೆ ತಿಳಿಸಿ ಯಮಪಾಲ ಮನೆಯ ಮೂಲೆಯಲ್ಲಿ ಅಡಗಿದ. ರಾಜಕುಮಾರನ ಆಭರಣಗಳು ಇಂದು ಕೊಂದವನಿಗೆ ಸಿಗುತ್ತಿದ್ದವೆಂದು ಭಟರು ಅಂದಾಗ, ಆಸೆಗೊಳಗಾದ ಹೆಂಡತಿ ಬಾಯಲ್ಲಿ ಇಲ್ಲವೆನ್ನುತ್ತಲೇ ಕೈಸನ್ನೆಯಲ್ಲಿ ಗಂಡನನ್ನು ತೋರಿಸಿದಳು. ಅರಸನ ಮುಂದೆ ನಿಲ್ಲಿಸಲಾದ ಯಮಪಾಲ, ಇಂದು ಕೊಲ್ಲಲಾರೆನೆಂದು ನಿವೇದಿಸಿದ. ಕುಪಿತನಾದ ಅರಸ ಇಬ್ಬರನ್ನೂ ಕಟ್ಟಿ ಮೊಸಳೆಗಳ ಮಡುವಿಗೆ ಎಸೆಯಿಸಿದ. ವ್ರತದ ಮಹಿಮೆಯಿಂದ ಜಲದೇವತೆ ಯಮಪಾಲನನ್ನು ಕಾದು ಸಿಂಹಾಸನದ ಮೇಲೆ ಕುಳ್ಳಿರಿಸಿದಳೆಂದು ಕಥೆ ಹೇಳುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತಕ್ಕೆ ನಿದರ್ಶನವಾಗಿ ಹೆಸರಿಸುವುದು ಈತನನ್ನೇ. ಅರಸನನ್ನಲ್ಲ, ಶ್ರೇಷ್ಠಿಯನ್ನಲ್ಲ, ವಧಕಾರನೊಬ್ಬನನ್ನು.

ಈ ಕಥೆಯಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಯಮಪಾಲ ಅರಸನ ತೀರ್ಪನ್ನು ಪ್ರಶ್ನಿಸಲಿಲ್ಲ. ಅಪರಾಧಿಯನ್ನು ನಿರಪರಾಧಿಯೆನ್ನಲಿಲ್ಲ. ಅರಸನ ದಂಡಾಧಿಕಾರ ಅರಸನಿಗಿರಲಿ, ಕೊಲ್ಲುವ ಕೈ ಮಾತ್ರ ತನ್ನದಾಗದಿರಲಿ ಎಂದಷ್ಟೇ ಕೇಳಿಕೊಂಡ. ದಂಡನೆ ಸರಿಯೋ ತಪ್ಪೋ ಎಂಬ ಪ್ರಶ್ನೆ ಬೇರೆ. ಅದನ್ನು ಜಾರಿಗೊಳಿಸುವ ಕೈ ಯಾರದಾಗಬಾರದು ಎಂಬ ಪ್ರಶ್ನೆ ಬೇರೆ. ಈ ಎರಡನೆಯ ಪ್ರಶ್ನೆ ಇಂದು ವೈದ್ಯರ ಮುಂದೆ ನಿಂತಿದೆ. ನೇಣಿನ ಬದಲು ವಿಷದ ಚುಚ್ಚುಮದ್ದಿನಿಂದ ಮರಣದಂಡನೆಯನ್ನು ಜಾರಿಗೊಳಿಸಬೇಕೆಂಬ ವಾದ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ. ಮೇಲ್ನೋಟಕ್ಕೆ ಅದು ಕರುಣೆಯ ಮಾತು. ಆದರೆ ಸೂಜಿ ಹಿಡಿಯುವ ಕೈ ಯಾರದು?

ಭೀಮೆಯ ದಡದ ವೈದ್ಯ ಪರಂಪರೆ

ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಆ ಭೀಮೆ ಜೇವರ್ಗಿಯ ನೆಲವನ್ನು ತೋಯಿಸಿ ಮುಂದೆ ಸಾಗುತ್ತದೆ. ಮಳಖೇಡದ ಕೋಟೆಯ ಬದಿಯಲ್ಲಿ ಹರಿಯುವ ಕಾಗಿಣೆಯೂ ಕಡೆಗೆ ಸೇರುವುದು ಇದೇ ಭೀಮೆಯನ್ನೇ. ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ. ಜಿನಸೇನಾಚಾರ್ಯರನ್ನು ಗುರುವಾಗಿ ಪಡೆದ ಅರಸನ ನೆಲ.

ನೃಪತುಂಗನ ಸಭೆಯಲ್ಲಿ ಒಂದು ದಿನ ವೈದ್ಯರೂ ವಿದ್ವಾಂಸರೂ ನೆರೆದಿದ್ದಾಗ ಉಗ್ರಾದಿತ್ಯಾಚಾರ್ಯರೆಂಬ ಜೈನ ಮುನಿಗಳು ಎದ್ದು ನಿಂತು, ಔಷಧಕ್ಕಾಗಿ ಮಾಂಸವನ್ನು ಬಳಸುವುದು ನಿಷ್ಪ್ರಯೋಜಕವೆಂದು ವಾದಿಸಿದರು. ಆ ವಾದ ಅವರ ‘ಕಲ್ಯಾಣಕಾರಕ’ ಎಂಬ ಸಂಸ್ಕೃತ ವೈದ್ಯಗ್ರಂಥದ ಹಿತಾಹಿತಾಧ್ಯಾಯದಲ್ಲಿ ಉಳಿದುಬಂದಿದೆ. ಮಾಂಸ, ಮದ್ಯ, ಮಧುಗಳನ್ನು ಬಿಟ್ಟು ಇಡೀ ಚಿಕಿತ್ಸಾಕ್ರಮವನ್ನು ಕಟ್ಟಿದ ಗ್ರಂಥವಿದು. 1940ರಲ್ಲಿ ಆಳಂದ, ಅಫಜಲಪುರಗಳಿಗೆ ನೆರೆಯ ಸೊಲ್ಲಾಪುರದಿಂದಲೇ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಅಚ್ಚಾಯಿತು. ಒಂದು ಜೀವವನ್ನು ಉಳಿಸಲು ಇನ್ನೊಂದು ಜೀವವನ್ನು ತೆಗೆಯುವ ಔಷಧವೂ ಬೇಡವೆಂಬುದು ಉಗ್ರಾದಿತ್ಯರ ನಿಲುವು. ಹಾಗಿರುವಾಗ ಯಾರನ್ನೂ ಉಳಿಸದೆ ಕೊಲ್ಲುವುದಕ್ಕೆಂದೇ ಬಳಕೆಯಾಗುವ ಔಷಧದ ಬಗ್ಗೆ ಅವರು ಏನೆನ್ನುತ್ತಿದ್ದರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಕನ್ನಡದ ಜೈನ ವೈದ್ಯ ಸಾಹಿತ್ಯದ ದಾರಿಯೂ ಇದೇ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ‘ಗೋವೈದ್ಯ’ವನ್ನು ಬರೆದು ಮೂಕಪ್ರಾಣಿಗಳ ರೋಗಕ್ಕೆ ಮದ್ದು ಹೇಳಿದ. 14ನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಗಳನ್ನು ಕುರಿತೇ ಬರೆದ. ಗಿಡಬೇರು, ಖನಿಜಗಳಿಂದ ಬರುವ ಸ್ಥಾವರ ವಿಷ, ಹಾವು ಚೇಳುಗಳಿಂದ ಬರುವ ಜಂಗಮ ವಿಷ ಎರಡನ್ನೂ ವಿವರಿಸಿದ. ಆ ಜ್ಞಾನವೆಲ್ಲ ವಿಷವನ್ನು ಇಳಿಸುವುದಕ್ಕೆ, ಏರಿಸುವುದಕ್ಕಲ್ಲ.

ಇಂದಿಗೂ ಈ ಮೂರು ತಾಲ್ಲೂಕುಗಳ ಆಸ್ಪತ್ರೆಗಳ ವೈದ್ಯರು ವಿಷದೊಡನೆ ಹೋರಾಡುವವರೇ. ತೊಗರಿಯ ಹೊಲದಲ್ಲಿ ಹಾವು ಕಚ್ಚಿದವರು ಬರುತ್ತಾರೆ. ಬೆಳೆಗೆ ಸಿಂಪಡಿಸುವಾಗ ಕ್ರಿಮಿನಾಶಕ ಮೈಸೇರಿದವರು, ಬದುಕು ಬೇಸರವಾಗಿ ಅದನ್ನೇ ಕುಡಿದವರು ಬರುತ್ತಾರೆ. ನಡುರಾತ್ರಿಯಲ್ಲಿ ವೈದ್ಯ ರೋಗಿಯ ಕೈಯಲ್ಲಿ ನರ ಹುಡುಕಿ ಸೂಜಿ ಹಾಕುತ್ತಾನೆ, ಸಲೈನ್ ಹರಿಯುತ್ತದೆ, ಅಟ್ರೋಪಿನ್ ಸೇರುತ್ತದೆ, ನಿಲ್ಲುತ್ತಿದ್ದ ಉಸಿರು ಮರಳುತ್ತದೆ. ರೋಗಿ ಸಾಲಗಾರನೋ ಕಳ್ಳನೋ ಎಂದು ಆ ಸೂಜಿ ಕೇಳುವುದಿಲ್ಲ. ಆ ಕೇಳದಿರುವಿಕೆಯೇ ವೈದ್ಯವೃತ್ತಿಯ ಪ್ರಾಣ. ಬಡವನೊಬ್ಬ ತನ್ನ ಕೈಯನ್ನು ಅಂಜದೆ ಅಪರಿಚಿತ ವೈದ್ಯನ ಮುಂದೆ ಚಾಚುವುದು ಆ ನಂಬಿಕೆಯಿಂದಲೇ.

ಮದ್ದು ವಿಷವಾದ ಬಗೆ

ವಿಷದ ಚುಚ್ಚುಮದ್ದಿನ ಮರಣದಂಡನೆ ಹುಟ್ಟಿದ್ದು ಅಮೆರಿಕದಲ್ಲಿ. 1977ರಲ್ಲಿ ಒಕ್ಲಹೋಮ ರಾಜ್ಯ ಅದಕ್ಕೆ ಕಾನೂನು ಮಾಡಿತು. 1982ರ ಡಿಸೆಂಬರ್ 7ರಂದು ಟೆಕ್ಸಸ್‌ನಲ್ಲಿ ಅದು ಮೊದಲ ಬಾರಿಗೆ ಜಾರಿಯಾಯಿತು. ಮುಂದೆ 1997ರಲ್ಲಿ ಚೀನಾ, 2003ರಲ್ಲಿ ಥಾಯ್ಲೆಂಡ್, 2013ರಲ್ಲಿ ವಿಯೆಟ್ನಾಂ ಇದೇ ದಾರಿ ಹಿಡಿದವು. ವಿದ್ಯುತ್ ಕುರ್ಚಿ, ವಿಷಾನಿಲದ ಕೋಣೆಗಳಿಗಿಂತ ಇದು ಶಾಂತ, ನೋವಿಲ್ಲದ ಕ್ರಮವೆಂಬುದು ಸಮರ್ಥನೆ.

ಬಹುಕಾಲ ಬಳಕೆಯಲ್ಲಿದ್ದ ಕ್ರಮದಲ್ಲಿ ಮೂರು ಔಷಧಗಳು. ಮೊದಲನೆಯದು ಥಯೋಪೆಂಟಾಲ್, ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ನಿದ್ರೆಗೆ ಕಳಿಸುವ ಔಷಧ. ಎರಡನೆಯದು ಪ್ಯಾಂಕುರೋನಿಯಂ, ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಗೊಳಿಸಲು ಬಳಸುವಂಥದು. ಮೂರನೆಯದು ಪೊಟ್ಯಾಸಿಯಂ ಕ್ಲೋರೈಡ್. ವಾಂತಿಭೇದಿಯಿಂದ ಸೊರಗಿದ ದೇಹಕ್ಕೆ ಅಳತೆಯಲ್ಲಿ ಕೊಟ್ಟರೆ ಜೀವ ಹಿಡಿದು ನಿಲ್ಲಿಸುವ ಲವಣ, ಅಳತೆ ಮೀರಿದರೆ ಹೃದಯವನ್ನು ನಿಲ್ಲಿಸುವ ಲವಣ. ಮೂರೂ ಆಸ್ಪತ್ರೆಯ ಕಪಾಟಿನಿಂದ ಬಂದವು. ಮೂರೂ ಬದುಕಿಸಲೆಂದು ಕಂಡುಹಿಡಿದವು.

ಇವುಗಳಲ್ಲಿ ಎರಡನೆಯ ಔಷಧದ ಕೆಲಸವನ್ನು ಯೋಚಿಸಬೇಕು. ಅದು ದೇಹದ ಸ್ನಾಯುಗಳನ್ನೆಲ್ಲ ಸ್ತಬ್ಧಗೊಳಿಸುತ್ತದೆ, ನೋವನ್ನು ಕಳೆಯುವುದಿಲ್ಲ. ಮೊದಲನೆಯ ಔಷಧ ಸರಿಯಾಗಿ ನರಕ್ಕೆ ಸೇರದಿದ್ದರೆ ಸಾಯುವವನು ಎಚ್ಚರವಿದ್ದೂ ಉಸಿರುಗಟ್ಟುತ್ತಾನೆ, ಒಳಗೆ ಉರಿಯುತ್ತಾನೆ. ಆದರೆ ಕೂಗಲಾರ, ಮುಖವನ್ನೂ ಕಿವಿಚಲಾರ. ನೋಡುವವರಿಗೆ ಮಾತ್ರ ಎಲ್ಲವೂ ನಿದ್ರೆಯಂತೆ ಕಾಣುತ್ತದೆ. ಆ ಶಾಂತಿ ಸಾಯುವವನದೋ, ನೋಡುವವರದೋ? ಜೈನ ಶಾಸ್ತ್ರ ನಾಲ್ಕು ಕಷಾಯಗಳನ್ನು ಹೇಳುತ್ತದೆ. ಕ್ರೋಧ, ಮಾನ, ಮಾಯೆ, ಲೋಭ. ಒಳಗೊಂದು, ಹೊರಗೊಂದು ಇರುವುದೇ ಮಾಯೆ. ಹಿಂಸೆಗೆ ಬಿಳಿಯ ಅಂಗಿ ತೊಡಿಸಿ ಚಿಕಿತ್ಸೆಯಂತೆ ತೋರಿಸುವುದು ಮಾಯೆಯೆಂಬ ಕಷಾಯದ ಹೊಸ ರೂಪವೇ ಸರಿ.

ನೋವಿಲ್ಲವೆಂಬ ಭರವಸೆಯೂ ಉಳಿಯಲಿಲ್ಲ. 2014ರ ಏಪ್ರಿಲ್‌ನಲ್ಲಿ ಒಕ್ಲಹೋಮದಲ್ಲಿ ಕೈದಿಯೊಬ್ಬನಿಗೆ ನರ ಸಿಗದೆ ಕೊನೆಗೆ ತೊಡೆಸಂದಿಯಲ್ಲಿ ಸೂಜಿ ಹಾಕಲಾಯಿತು. ಔಷಧ ನರಕ್ಕೆ ಹೋಗದೆ ಸುತ್ತಲ ಮಾಂಸಕ್ಕೆ ಸೋರಿತು. ಪ್ರಕ್ರಿಯೆ ಆರಂಭವಾದ 43 ನಿಮಿಷಗಳ ನಂತರ ಅವನು ಸತ್ತ. ಇಂಥ ವೈಫಲ್ಯಗಳಿಂದ ಹುಟ್ಟುವುದು ವಿಚಿತ್ರವಾದ ಇಕ್ಕಟ್ಟು. ವೈದ್ಯರಿಲ್ಲದೆ ಸೂಜಿ ಹಾಕಿದರೆ ಯಾತನೆ. ಯಾತನೆ ತಪ್ಪಿಸಲು ವೈದ್ಯರನ್ನು ಕರೆದರೆ ವೈದ್ಯನೇ ವಧಕಾರ. 2006ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನ್ಯಾಯಾಲಯ ಅರಿವಳಿಕೆ ತಜ್ಞರ ಹಾಜರಿಯನ್ನು ಕೇಳಿದಾಗ, ಕೈದಿ ಎಚ್ಚರಗೊಂಡರೆ ತಾವು ಮಧ್ಯೆ ಪ್ರವೇಶಿಸಬೇಕಾಗುತ್ತದೆಂದು ತಿಳಿದ ಇಬ್ಬರು ತಜ್ಞರು ಹಿಂದೆ ಸರಿದರು. ಆ ರಾತ್ರಿಯ ಮರಣದಂಡನೆ ನಿಂತಿತು. ಯಮಪಾಲನ ಹೆಸರನ್ನು ಅವರು ಕೇಳಿರಲಾರರು. ಆದರೆ ಅವನು ಆಡಿದ ಮಾತನ್ನೇ ಆಡಿದರು.

ಲೋಭದ ಮುಖವೂ ಈ ಇತಿಹಾಸದಲ್ಲಿದೆ. ಅಮೆರಿಕದ ತಯಾರಕರು 2011ರಲ್ಲಿ ಥಯೋಪೆಂಟಾಲ್ ತಯಾರಿಕೆಯನ್ನು ನಿಲ್ಲಿಸಿದಾಗ ಅಲ್ಲಿನ ಕೆಲವು ಜೈಲುಗಳು ಔಷಧಕ್ಕಾಗಿ ಭಾರತದತ್ತ ತಿರುಗಿದವು. ಮುಂಬೈನ ಕೇಯೆಮ್ ಫಾರ್ಮಾಸ್ಯುಟಿಕಲ್ಸ್ ಕಂಪನಿಯಿಂದ ನೆಬ್ರಾಸ್ಕ, ಸೌತ್ ಡಕೋಟ ರಾಜ್ಯಗಳಿಗೆ ಔಷಧ ಹೋಯಿತು. ಅದರ ಬಳಕೆ ಯಾವುದಕ್ಕೆಂಬ ಚರ್ಚೆ ಎದ್ದಾಗ ಅದೇ ವರ್ಷ ಕಂಪನಿ ಮಾರಾಟವನ್ನು ನಿಲ್ಲಿಸಿತು. ಶ್ರಾವಕನು ತ್ಯಜಿಸಬೇಕಾದ 15 ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ವಿಷವನ್ನು ಮಾರುವವನು ತಾನು ಯಾರನ್ನೂ ಕೊಲ್ಲಲಿಲ್ಲವೆಂದು ಹೇಳಿಕೊಳ್ಳಬಹುದು. ಶಾಸ್ತ್ರ ಆ ಸಬೂಬನ್ನು ಒಪ್ಪುವುದಿಲ್ಲ.

ಕೃತ, ಕಾರಿತ, ಅನುಮೋದಿತ

ಹಿಂಸೆಯ ಪಾಲುದಾರಿಕೆಯನ್ನು ಜೈನದರ್ಶನದಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದ ದರ್ಶನ ವಿರಳ. ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣವನ್ನು ಬೇರ್ಪಡಿಸುವುದೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದರು. ಅದೇ ಗ್ರಂಥದಲ್ಲಿ ಆ ಹಿಂಸೆಯ ದಾರಿಗಳನ್ನೂ ಎಣಿಸಿದರು. ಸಂಕಲ್ಪಿಸುವುದು ಸಂರಂಭ, ಸಾಧನಗಳನ್ನು ಹೊಂದಿಸುವುದು ಸಮಾರಂಭ, ಕಾರ್ಯಕ್ಕೆ ಇಳಿಯುವುದು ಆರಂಭ. ಈ ಮೂರನ್ನೂ ಮನಸ್ಸು, ಮಾತು, ಕಾಯಗಳಿಂದ ಮಾಡಬಹುದು. ತಾನೇ ಮಾಡಿದರೆ ಕೃತ, ಮಾಡಿಸಿದರೆ ಕಾರಿತ, ಮಾಡಿದ್ದನ್ನು ಮೆಚ್ಚಿದರೆ ಅನುಮೋದಿತ. ಇವೆಲ್ಲಕ್ಕೂ ನಾಲ್ಕು ಕಷಾಯಗಳ ಬಣ್ಣ. ಮೂರು, ಮೂರು, ಮೂರು, ನಾಲ್ಕು ಸೇರಿ ಗುಣಿಸಿದರೆ 108. ಜಪಮಾಲೆಯ ಪ್ರತಿ ಮಣಿಯೂ ಪಾಪ ಒಳಬರುವ ಒಂದೊಂದು ಬಾಗಿಲನ್ನು ಮುಚ್ಚುವ ನೆನಪೆಂದು ಹಿರಿಯರು ಹೇಳುತ್ತಾರೆ.

ಜಗತ್ತಿನ ವೈದ್ಯಸಂಘಟನೆಗಳು ತಮ್ಮದೇ ದಾರಿಯಲ್ಲಿ ನಡೆದು ಹೆಚ್ಚುಕಡಿಮೆ ಇದೇ ಲೆಕ್ಕಕ್ಕೆ ಬಂದು ಮುಟ್ಟಿವೆ. ಮರಣದಂಡನೆಯಲ್ಲಿ ವೈದ್ಯರು ಪಾಲ್ಗೊಳ್ಳುವುದು ವೃತ್ತಿಧರ್ಮಕ್ಕೆ ವಿರುದ್ಧವೆಂದು ವಿಶ್ವ ವೈದ್ಯಕೀಯ ಸಂಘ 1981ರಲ್ಲಿಯೇ ನಿರ್ಣಯಿಸಿತು. ಅಮೆರಿಕದ ವೈದ್ಯಕೀಯ ಸಂಘದ ನೀತಿಸಂಹಿತೆ ಇನ್ನೂ ಬಿಡಿಸಿ ಹೇಳುತ್ತದೆ. ಚುಚ್ಚುವುದು ಮಾತ್ರವಲ್ಲ, ಔಷಧವನ್ನು ಬರೆದುಕೊಡುವುದು, ಸೂಜಿಗೆ ಜಾಗ ಗುರುತಿಸುವುದು, ನರಕ್ಕೆ ನಳಿಕೆ ಜೋಡಿಸುವುದು, ಪ್ರಮಾಣ ಸೂಚಿಸುವುದು, ಹೃದಯಬಡಿತವನ್ನು ಗಮನಿಸುತ್ತ ನಿಲ್ಲುವುದು, ಚುಚ್ಚುವವರಿಗೆ ತರಬೇತಿ ಕೊಡುವುದು ಎಲ್ಲವೂ ಪಾಲ್ಗೊಳ್ಳುವಿಕೆಯೇ. ಬೇರೊಬ್ಬರು ಸಾವನ್ನು ಘೋಷಿಸಿದ ನಂತರ ಅದನ್ನು ಪ್ರಮಾಣೀಕರಿಸುವುದು, ಸಾಯಲಿರುವವನು ತಾನಾಗಿ ಕೇಳಿದರೆ ಅವನ ವೇದನೆಯನ್ನು ತಗ್ಗಿಸುವುದು ಇದರಿಂದ ಹೊರಗೆ. ನಮ್ಮಲ್ಲಿ 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿಸಂಹಿತೆಯೂ ವೈದ್ಯ ಚಿತ್ರಹಿಂಸೆಗೆ ನೆರವಾಗಬಾರದು, ಅದನ್ನು ಮುಚ್ಚಿಡುವುದರಲ್ಲಿಯೂ ಪಾಲುಗೊಳ್ಳಬಾರದೆಂದು ವಿಧಿಸಿದೆ. ಸಮಾರಂಭವೂ ಹಿಂಸೆ, ಕಾರಿತವೂ ಹಿಂಸೆ ಎಂಬ ಸೂತ್ರದ ಅರ್ಥ ಆಧುನಿಕ ಆಸ್ಪತ್ರೆಯ ಭಾಷೆಯಲ್ಲಿ ಮತ್ತೆ ಕೇಳಿಬಂದಂತಿದೆ.

ಹಿಂಡಲಗಾ ಜೈಲಿನ ಗೋಡೆಯೊಳಗೆ

ಭಾರತದಲ್ಲಿ ಮರಣದಂಡನೆಯ ಕ್ರಮ ನೇಣು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 393ನೆಯ ಕಲಮೂ ಅದನ್ನೇ ಉಳಿಸಿಕೊಂಡಿದೆ. ನೇಣು ಸಂವಿಧಾನಕ್ಕೆ ವಿರುದ್ಧವಲ್ಲವೆಂದು 1983ರಲ್ಲಿ ದೀನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2003ರಲ್ಲಿ ಕಾನೂನು ಆಯೋಗ ತನ್ನ 187ನೆಯ ವರದಿಯಲ್ಲಿ ನೇಣಿನ ಜೊತೆಗೆ ವಿಷದ ಚುಚ್ಚುಮದ್ದಿಗೂ ಅವಕಾಶವಿರಲೆಂದು ಶಿಫಾರಸು ಮಾಡಿತು. 2017ರಲ್ಲಿ ವಕೀಲರೊಬ್ಬರು ನೇಣನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಅರ್ಜಿ ಸಲ್ಲಿಸಿದರು. 2023ರ ಮಾರ್ಚ್‌ನಲ್ಲಿ ನ್ಯಾಯಾಲಯ ನೇಣಿನ ನೋವಿನ ಬಗ್ಗೆ ವೈಜ್ಞಾನಿಕ ಮಾಹಿತಿಯನ್ನು ಕೇಳಿತು. 2025ರ ಅಕ್ಟೋಬರ್‌ನಲ್ಲಿ ಕೈದಿಗೆ ಆಯ್ಕೆ ನೀಡುವ ಸಲಹೆಗೆ ಕೇಂದ್ರ ಸರ್ಕಾರ ಒಲವು ತೋರದಿದ್ದಾಗ, ಕಾಲಕ್ಕೆ ತಕ್ಕಂತೆ ಬದಲಾಗಲು ಸರ್ಕಾರ ಸಿದ್ಧವಿಲ್ಲವೆಂದು ನ್ಯಾಯಪೀಠ ಟೀಕಿಸಿತು.

ನೇಣಿನಲ್ಲಿಯೂ ವೈದ್ಯನ ನೆರಳು ಇದ್ದೇ ಇದೆ. ಕೈದಿಯ ತೂಕ, ಕೊರಳು, ದೇಹಸ್ಥಿತಿಗಳನ್ನು ನೋಡುವವನು, ಕೊನೆಗೆ ನಾಡಿ ಹಿಡಿದು ಸಾವನ್ನು ಖಚಿತಪಡಿಸುವವನು ಜೈಲಿನ ವೈದ್ಯಾಧಿಕಾರಿಯೇ. 2014ರ ಜನವರಿಯಲ್ಲಿ ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವೈದ್ಯನಿಗೆ ಇನ್ನೊಂದು ಕರ್ತವ್ಯವನ್ನೂ ಒಪ್ಪಿಸಿತು. ಮರಣದಂಡನೆಗೆ ಗುರಿಯಾದವರ ಮಾನಸಿಕ ಆರೋಗ್ಯವನ್ನು ನಿಯಮಿತವಾಗಿ ಪರೀಕ್ಷಿಸಬೇಕು, ಅಗತ್ಯವಿದ್ದವರಿಗೆ ಚಿಕಿತ್ಸೆ ಕೊಡಬೇಕು. ಇದು ವೈದ್ಯನಿಗೆ ಒಪ್ಪುವ ಕೆಲಸ; ಆದರೆ ಇಲ್ಲಿಯೂ ಮುಳ್ಳಿದೆ. ಮನಸ್ಸು ಕೆಟ್ಟವನನ್ನು ಗುಣಪಡಿಸಿ ಗಲ್ಲಿಗೆ ಯೋಗ್ಯನೆಂದು ಒಪ್ಪಿಸುವುದು ಚಿಕಿತ್ಸೆಯೋ, ಸಮಾರಂಭವೋ? ವೈದ್ಯನ ಅಂತಃಕರಣ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರದು.

ಕರ್ನಾಟಕದಲ್ಲಿ ಗಲ್ಲುಗಂಬವಿರುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಕಲಬುರಗಿ ಜಿಲ್ಲೆಯ ವ್ಯಕ್ತಿಯೊಬ್ಬನಿಗೆ ಇಲ್ಲಿನ ಸೆಷನ್ಸ್ ನ್ಯಾಯಾಲಯ 2003ರಲ್ಲಿ ಮರಣದಂಡನೆ ವಿಧಿಸಿತು. ಅವನ ಕೈಯಲ್ಲಿ ಸತ್ತವರು ಅವನ ಹೆಂಡತಿ ಮತ್ತು ಪುಟ್ಟ ಮಗಳು. 2005ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಕ್ಷಮಾದಾನದ ಅರ್ಜಿ ತಿರಸ್ಕೃತವಾದದ್ದು 2013ರಲ್ಲಿ. ಆ ದೀರ್ಘ ವಿಳಂಬವನ್ನೂ ಒಂಟಿ ಸೆರೆಯನ್ನೂ ಪರಿಗಣಿಸಿ ಕೊನೆಗೆ ರಾಜ್ಯದ ಹೈಕೋರ್ಟ್ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಬೆಂಗಳೂರಿನ ಇನ್ನೊಂದು ಪ್ರಕರಣದಲ್ಲಿಯೂ, 2006ರಿಂದ ಹತ್ತು ವರ್ಷ ಬೆಳಗಾವಿಯಲ್ಲಿ ಒಂಟಿ ಸೆರೆಯಲ್ಲಿದ್ದ ಕೈದಿಯ ಮರಣದಂಡನೆಯನ್ನು 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆಯಾಗಿ ಪರಿವರ್ತಿಸಿತು.

ಇಂಥ ಪ್ರಕರಣಗಳನ್ನು ಕುರಿತು ಮಾತನಾಡುವಾಗ ಮೊದಲ ಕಣ್ಣೀರು ಸತ್ತವರಿಗೆ ಸಲ್ಲಬೇಕು. ಆ ಹೆಣ್ಣುಮಗಳಿಗೆ, ಆ ಮಗುವಿಗೆ ಯಾರೂ ಅಭಯ ನೀಡಲಿಲ್ಲ. ಕೊಂದವನ ಬಗ್ಗೆ ಕರುಣೆ ತೋರುವವರು ಸತ್ತವರನ್ನು ಮರೆತರೆ ಅದು ಕರುಣೆಯಲ್ಲ. ಅಹಿಂಸೆ ಅಪರಾಧಕ್ಕೆ ಕಣ್ಣು ಮುಚ್ಚುವ ಧರ್ಮವಲ್ಲ. ಅದು ಕೇಳುವುದು ಇಷ್ಟೇ: ಅಪರಾಧದ ಉರಿ ನಮ್ಮ ಮನಸ್ಸಿಗೂ ಹತ್ತಿಕೊಂಡು, ನಮ್ಮಲ್ಲಿರುವ ಅತ್ಯಂತ ಪವಿತ್ರವಾದ ವಿದ್ಯೆಯನ್ನೇ ಕೊಲ್ಲುವ ಆಯುಧವಾಗಿ ಮಾಡಿಕೊಳ್ಳಬೇಕೆ?

ಹಿಟ್ಟಿನ ಕೋಳಿಯ ಪಾಠ

ನೋವಿಲ್ಲದಂತೆ ಕೊಂದರೆ ತಪ್ಪೇನು ಎಂದು ಕೇಳುವವರಿಗೆ ಕನ್ನಡಿಗರ ಬಳಿ ಸಿದ್ಧ ಉತ್ತರವೊಂದಿದೆ. ಜನ್ನಕವಿಯ ಯಶೋಧರ ಚರಿತೆಯಲ್ಲಿ ಅರಸ ಯಶೋಧರನಿಗೆ ಕೆಟ್ಟ ಕನಸಿನ ಶಾಂತಿಗಾಗಿ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವವಧೆಗೆ ಮನಸ್ಸಿಲ್ಲದ ಅರಸ ತಾಯಿಯ ಮಾತನ್ನೂ ಮೀರಲಾರದೆ ಹಿಟ್ಟಿನ ಕೋಳಿಯನ್ನು ಮಾಡಿಸಿ ಕಡಿಯುತ್ತಾನೆ. ಅಲ್ಲಿ ರಕ್ತವಿಲ್ಲ, ನೋವಿಲ್ಲ. ಆದರೂ ಕೊಲ್ಲುವ ಸಂಕಲ್ಪ ಇದ್ದುದರಿಂದ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನವೆಯುತ್ತಾರೆ. ಹಿಟ್ಟಿನ ಕೋಳಿಯೇ ಇಷ್ಟು ದೊಡ್ಡ ಕರ್ಮವನ್ನು ಕಟ್ಟಿದರೆ, ಉಸಿರಾಡುವ ಮನುಷ್ಯನನ್ನು ಮಂಚಕ್ಕೆ ಕಟ್ಟಿ, ತೋಳಿಗೆ ಸ್ಪಿರಿಟ್ ಒರೆಸಿ, ನಿದ್ರೆಯ ಹೆಸರಿನಲ್ಲಿ ಕೊಲ್ಲುವ ಸಂಕಲ್ಪದ ಭಾರವೆಷ್ಟು? ಹಿಂಸೆಯನ್ನು ಅಳೆಯುವುದು ನೋವಿನ ಪ್ರಮಾಣದಿಂದಷ್ಟೇ ಅಲ್ಲ. ಕೊಲ್ಲುವವನ ಭಾವದಿಂದಲೂ ಹೌದು.

ಇಲ್ಲಿ ಸಲ್ಲೇಖನದ ಹೆಸರೆತ್ತುವವರೂ ಇದ್ದಾರೆ. ಜೈನರು ಸಾವನ್ನು ಬರಮಾಡಿಕೊಳ್ಳುವ ವ್ರತವನ್ನು ಒಪ್ಪುವುದಾದರೆ ಶಾಂತ ಮರಣಕ್ಕೆ ವಿರೋಧವೇಕೆಂದು ಕೇಳುತ್ತಾರೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದಿತು; ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಎರಡರ ಅಂತರ ಸ್ಪಷ್ಟವಾಗಿದೆ. ಸಲ್ಲೇಖನದಲ್ಲಿ ವಿಷವಿಲ್ಲ, ಶಸ್ತ್ರವಿಲ್ಲ, ಬಲವಂತವಿಲ್ಲ. ದೇಹ ಧರ್ಮಸಾಧನೆಗೆ ಒದಗದಾದಾಗ ಗುರುವಿನ ಅಪ್ಪಣೆ ಪಡೆದು, ಕಷಾಯಗಳನ್ನೂ ಆಹಾರವನ್ನೂ ಹಂತಹಂತವಾಗಿ ತಗ್ಗಿಸಿ, ಎಲ್ಲರಿಂದ ಕ್ಷಮೆ ಬೇಡಿ, ಎಲ್ಲರನ್ನೂ ಕ್ಷಮಿಸಿ ಎಚ್ಚರದಿಂದ ನಡೆಯುವ ದಾರಿಯದು. ವಿಷದ ಸೂಜಿ ಮೊದಲು ಕಸಿಯುವುದೇ ಆ ಎಚ್ಚರವನ್ನು. ಒಂದರಲ್ಲಿ ಸಾಧಕ ದೇಹವನ್ನು ಬಿಡುತ್ತಾನೆ. ಇನ್ನೊಂದರಲ್ಲಿ ದೇಹವನ್ನು ಅವನಿಂದ ಕಿತ್ತುಕೊಳ್ಳಲಾಗುತ್ತದೆ.

ಹಾ, ಮಾ, ಧಿಕ್

ಹಾಗಾದರೆ ದಂಡನೆಯೇ ಬೇಡವೇ? ಜೈನ ಪರಂಪರೆ ಹಾಗೆನ್ನುವುದಿಲ್ಲ. ಜಿನಸೇನಾಚಾರ್ಯರ ಆದಿಪುರಾಣ ದಂಡನೆಯ ಚರಿತ್ರೆಯನ್ನೇ ಹೇಳುತ್ತದೆ. ಆದಿಯಲ್ಲಿ ತಪ್ಪು ಮಾಡಿದವನಿಗೆ ಮೊದಲ ಐವರು ಕುಲಕರರು ‘ಹಾ’ ಎಂದರೆ ಸಾಕಿತ್ತು. ಅಯ್ಯೋ, ಎಂಥ ಕೆಲಸ ಮಾಡಿದೆ ಎಂಬ ವಿಷಾದವೇ ದಂಡನೆ. ಮುಂದಿನ ಐವರ ಕಾಲಕ್ಕೆ ‘ಹಾ’ದ ಜೊತೆಗೆ ‘ಮಾ’ ಸೇರಿತು; ಇನ್ನು ಮಾಡಬೇಡವೆಂಬ ನಿಷೇಧ. ಅನಂತರದವರ ಕಾಲಕ್ಕೆ ‘ಧಿಕ್’ ಎಂಬ ಛೀಮಾರಿ. ಜನರ ಅಪರಾಧ ಬೆಳೆದಂತೆ ಭರತ ಚಕ್ರವರ್ತಿಯ ಕಾಲದಲ್ಲಿ ಸೆರೆ ಮತ್ತು ದೇಹದಂಡನೆಗಳು ಬಂದವು. ದಂಡನೆ ಕಠಿಣವಾಗುತ್ತ ಹೋದದ್ದನ್ನು ಪುರಾಣ ಮನುಷ್ಯನ ಏಳ್ಗೆಯೆಂದು ಹೇಳುವುದಿಲ್ಲ. ಅವನ ಇಳಿಗಾಲದ ಗುರುತಾಗಿ ಹೇಳುತ್ತದೆ. ಗೃಹಸ್ಥನಿಗೂ ಅರಸನಿಗೂ ವಿರೋಧಿ ಹಿಂಸೆ, ಅಂದರೆ ಆಕ್ರಮಣವನ್ನು ತಡೆಯುವಾಗಿನ ಹಿಂಸೆ, ಪೂರ್ತಿ ತಪ್ಪದೆಂದು ಆಚಾರ್ಯರು ಬಲ್ಲರು. ಆದರೆ ಕೈಕಾಲು ಕಟ್ಟಿದ, ನಿರಾಯುಧನಾದ ಮನುಷ್ಯನ ಮುಂದೆ ತಡೆಯಬೇಕಾದ ಆಕ್ರಮಣವಾದರೂ ಏನುಳಿದಿರುತ್ತದೆ?

ತಪ್ಪು ತೀರ್ಪಿನ ಭಯವೂ ಪುರಾಣಕ್ಕೆ ಹೊಸತಲ್ಲ. ಧ್ಯಾನಸ್ಥನಾಗಿದ್ದ ರಾಜಕುಮಾರ ವಾರಿಷೇಣನ ಮುಂದೆ ಕಳ್ಳನೊಬ್ಬ ಕದ್ದ ಹಾರವನ್ನು ಎಸೆದು ಮರೆಯಾದ. ಹಾರವನ್ನು ಕಂಡ ಶ್ರೇಣಿಕ ಮಹಾರಾಜ ಮಗನಿಗೇ ವಧ ವಿಧಿಸಿದ. ಬೀಸಿದ ಕತ್ತಿ ಹೂಮಾಲೆಯಾಯಿತೆಂದು ಕಥೆ. ನಿಜಜೀವನದಲ್ಲಿ ಕತ್ತಿ ಹೂವಾಗುವುದಿಲ್ಲ, ನರಕ್ಕಿಳಿದ ವಿಷ ಹಿಂದಕ್ಕೆ ಬರುವುದಿಲ್ಲ. ಅಂಜನಚೋರನಂಥ ಕಳ್ಳನೂ ಕೊನೆಗೆ ಮುನಿಯಾಗಿ ಮುಕ್ತಿ ಪಡೆದನೆಂದು ನಂಬುವ ಧರ್ಮಕ್ಕೆ, ಯಾವ ಜೀವದ ದಾರಿಯನ್ನೂ ಮುಗಿಯಿತೆಂದು ಮುಚ್ಚಿಬಿಡುವುದು ಕಷ್ಟ.

ಎರಡು ದಾನ, ಒಂದು ಕೈ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನಗಳು ನಾಲ್ಕು. ಮೊದಲ ಮೂರನ್ನೂ ಅರ್ಥಪೂರ್ಣಗೊಳಿಸುವುದು ನಾಲ್ಕನೆಯದು. ಹೆದರಿಸುತ್ತ ಬಡಿಸಿದ ಅನ್ನ ದಾನವಾಗದು. ಹಾಗೆಯೇ ಭಯವನ್ನು ಬೆರೆಸಿ ಕೊಟ್ಟ ಔಷಧವೂ ದಾನವಲ್ಲ. ಆಸ್ಪತ್ರೆಯಲ್ಲಿ ಔಷಧ ಕೊಡುವ ಕೈಯೇ ಜೈಲಿನಲ್ಲಿ ವಿಷ ಕೊಡುವುದಾದರೆ, ರೋಗಿಯ ಮನಸ್ಸಿನ ಯಾವುದೋ ಮೂಲೆಯಲ್ಲಿ ಆ ಕೈಯ ಬಗ್ಗೆ ಅಂಜಿಕೆ ಮನೆಮಾಡುತ್ತದೆ. ಅದರ ನಷ್ಟ ಕೈದಿಯೊಬ್ಬನದಷ್ಟೇ ಅಲ್ಲ. ತೋಳು ಚಾಚಿ ಮಲಗುವ ಪ್ರತಿಯೊಬ್ಬ ರೋಗಿಯದು.

ಕಾನೂನನ್ನು ಬದಲಿಸುವುದು ಶಾಸನಸಭೆ, ನ್ಯಾಯಾಲಯಗಳ ಕೆಲಸ. ಶ್ರಾವಕನ ಕೆಲಸ ಇನ್ನೂ ಹತ್ತಿರದಲ್ಲಿದೆ. ಕೊಲೆಯಾದವರ ಮನೆಯಲ್ಲಿ ಉಳಿದ ಮಕ್ಕಳ ಓದಿಗೆ, ಅನ್ನಕ್ಕೆ ಆಸರೆಯಾಗುವುದು ಅಭಯದಾನ. ಬೇಸತ್ತು ಕ್ರಿಮಿನಾಶಕದ ಬಾಟಲಿಗೆ ಕೈಯಿಡುವ ಮುನ್ನವೇ ರೈತನೊಬ್ಬನ ಮಾತನ್ನು ಕುಳಿತು ಕೇಳುವುದು ಅಭಯದಾನ. ಗಲ್ಲಿನ ಸುದ್ದಿ ಬಂದಾಗ ಕೇಕೆ ಹಾಕದಿರುವುದು ಕೂಡ ಅಭಯದಾನವೇ. ಏಕೆಂದರೆ ಆ ಕೇಕೆಯಲ್ಲಿ ಅನುಮೋದಿತ ಹಿಂಸೆ ಇದೆ. ಸಾವಿರಾರು ಮೈಲಿ ದೂರದ ಮರಣದಂಡನೆಯನ್ನು ಮನೆಯ ಜಗುಲಿಯಲ್ಲಿ ಕುಳಿತು ಮೆಚ್ಚಿದವನಿಗೂ ಆ 108ರಲ್ಲಿ ಪಾಲಿದೆ. ಮನಸ್ಸನ್ನು ಅದರಿಂದ ಹಿಂದಕ್ಕೆ ಸೆಳೆದುಕೊಳ್ಳುವುದು ಪ್ರತಿಕ್ರಮಣದ ಮೊದಲ ಹೆಜ್ಜೆ.

ಯಮಪಾಲನ ವ್ರತ ದೊಡ್ಡದಾಗಿರಲಿಲ್ಲ. ಪಕ್ಷದಲ್ಲಿ ಒಂದೇ ದಿನ. ಉಳಿದ ದಿನಗಳಲ್ಲಿ ಅವನ ವೃತ್ತಿ ಅವನನ್ನು ಬಿಟ್ಟಿರಲಿಲ್ಲ. ಆದರೆ ಆ ಒಂದು ದಿನವನ್ನು ಅರಸನ ಸಿಟ್ಟಿಗೂ ಬಂಗಾರದ ಆಸೆಗೂ ಅವನು ಮಾರಲಿಲ್ಲ. ಹಾವಿನ ವಿಷದಿಂದ ಬದುಕಿ ಬಂದವನಿಗೆ ಪ್ರಾಣವೆಂದರೇನೆಂದು ಗೊತ್ತಿತ್ತು. ಈ ಚತುರ್ದಶಿಯಂದು ಭೀಮಾ ತೀರದ ಬಸದಿಗಳಲ್ಲಿ ದೀಪ ಹಚ್ಚುವವರು ಆ ವಧಕಾರನನ್ನು ಒಮ್ಮೆ ನೆನೆಯಬಹುದು. ಅದೇ ಹೊತ್ತಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವುದೋ ವೈದ್ಯನೋ ದಾದಿಯೋ ಹಾವು ಕಚ್ಚಿದವನ ತೋಳಿನಲ್ಲಿ ನರ ಹುಡುಕುತ್ತಿರಬಹುದು. ಆ ಕೈ ಎಂದೆಂದಿಗೂ ವಿಷವಿಳಿಸುವ ಕೈಯಾಗಿಯೇ ಉಳಿಯಲಿ.